ಆರು ರನ್ನಿನ ಲೆಕ್ಕ

ಆರು ಎಂಬ ಅಂಕಿಯ ಮೇಲೆ ನನಗೆ ಹಳೆಯ ಸಿಟ್ಟು. ಬ್ಯಾಂಕಿಗೆ ಕಂಪ್ಯೂಟರ್ ಬರುವ ಮೊದಲಿನ ಮಾತು. ದಿನದ ವ್ಯವಹಾರ ಮುಗಿದ ಮೇಲೆ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಕೂಡಿಸಿದರೆ ಎರಡೂ ತಾಳೆಯಾಗಬೇಕು. ಒಂದು ಸಂಜೆ ಆರು ರೂಪಾಯಿ ತಾಳೆಯಾಗಲಿಲ್ಲ. ಕಿಸೆಯಿಂದ ಆರು ರೂಪಾಯಿ ಹಾಕಿ ಎದ್ದು ಹೋಗೋಣವೆಂದರೆ ಅದು ತಪ್ಪು. ಎಲ್ಲಿ ತಪ್ಪಿದೆ ಎಂದು ಸಿಗುವವರೆಗೂ ಮನೆಗೆ ಹೋಗುವಂತಿಲ್ಲ. ರಾತ್ರಿ ಹತ್ತೂವರೆಗೆ ಸಿಕ್ಕಿತು. ಒಂದು ವೋಚರಿನಲ್ಲಿ 71 ಎಂದಿದ್ದುದನ್ನು ನಾನು 77 ಎಂದು ಓದಿ ಬರೆದಿದ್ದೆ. ಅಷ್ಟು ಹೊತ್ತಿಗೆ ಕೆರೂರಿಗೆ ಬರುವ ಕಡೆಯ ಬಸ್ಸು ಹೋಗಿತ್ತು. ಬೆಂಚಿನ ಮೇಲೆ ಲೆಜರ್ ತಲೆದಿಂಬು ಮಾಡಿಕೊಂಡು ಮಲಗಿದೆ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ತಂಡವನ್ನು ಸೋಲಿಸಿ, ಹದಿನೆಂಟನೇ ವರ್ಷಕ್ಕೆ ಐಪಿಎಲ್ ಕಪ್ ಗೆದ್ದಿತಲ್ಲ, ಅದು ಎಷ್ಟು ರನ್ನಿನಿಂದ ಗೆದ್ದಿದ್ದು ನೆನಪಿದೆಯೇ ಮಕ್ಕಳೇ? ಆರು. ನಾವು 190, ಅವರು 184. ಕೊನೆಯ ಓವರಿನಲ್ಲಿ ಅವರಿಗೆ 29 ಬೇಕಿತ್ತು. ಹೇಜಲ್‌ವುಡ್ ಮೊದಲ ಎರಡು ಎಸೆತಕ್ಕೆ ಒಂದು ರನ್ನೂ ಕೊಡಲಿಲ್ಲ. ಅಲ್ಲಿಗೆ ಪಂದ್ಯ ಮುಗಿಯಿತೆಂದು ವಿರಾಟ್ ಕೊಹ್ಲಿ ಬೌಂಡರಿ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದರೆ, ಇತ್ತ ಶಶಾಂಕ್ ಸಿಂಗ್ ಎಂಬ ಹುಡುಗ ಸೋಲುವುದು ಗೊತ್ತಿದ್ದರೂ ಸಿಕ್ಸರ್, ಬೌಂಡರಿ, ಸಿಕ್ಸರ್, ಸಿಕ್ಸರ್ ಎಂದು ಬಾರಿಸುತ್ತಲೇ ಇದ್ದ. ನನಗೆ ಆ ಹುಡುಗನೂ ಮೆಚ್ಚುಗೆಯಾದ.

ಏಳನೇ ಇಯತ್ತೆಯ ಮೊಮ್ಮಗ ಖಾಟಿನ ಮೇಲೆ ಕುಣಿದ. ಐದನೇ ಇಯತ್ತೆಯ ಮೊಮ್ಮಗಳು ನಿದ್ದೆಗಣ್ಣಲ್ಲೇ ಚಪ್ಪಾಳೆ ತಟ್ಟಿದಳು. ನಾನು ಎದ್ದು ಹೋಗಿ ಅಲಮಾರಿಯಿಂದ ನನ್ನ ಕೆಂಪು ರಟ್ಟಿನ ಪುಸ್ತಕ ತಂದೆ.

ಈ ಪುಸ್ತಕದ ಬಗ್ಗೆ ಒಂದು ಮಾತು ಹೇಳಬೇಕು. ನಿವೃತ್ತಿಯ ಮೇಲೆ ಬರೆಯಲು ಲೆಜರ್ ಇಲ್ಲದೆ ಕೈ ತುರಿಸುತ್ತಿತ್ತು. ಹೀಗಾಗಿ ಕ್ರಿಕೆಟ್ಟಿನದೇ ಒಂದು ಖಾತೆ ತೆರೆದೆ. ಗೆದ್ದದ್ದು ಜಮಾ, ಸೋತದ್ದು ಖರ್ಚು, ಆಟಗಾರರ ಖರೀದಿ ಬೇರೆ ಪುಟ. ನಮ್ಮ ಮನೆಯಾಕೆ ಇದಕ್ಕೆ ‘ಹುಚ್ಚರ ಲೆಜರ್’ ಎಂದು ಹೆಸರಿಟ್ಟಿದ್ದಾಳೆ. ಇರಲಿ. ಆ ಪುಸ್ತಕದಲ್ಲಿ ಆರು ರನ್ನಿನ ಒಂದು ಪುಟವೇ ಇದೆ.

2009ರ ಮೇ 24. ಆ ವರ್ಷ ನಮ್ಮಲ್ಲಿ ಚುನಾವಣೆ ಇದ್ದುದರಿಂದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಜೋಹಾನ್ಸ್‌ಬರ್ಗ್‌ನಲ್ಲಿ ಫೈನಲ್. ನಾಯಕ ನಮ್ಮ ಅನಿಲ್ ಕುಂಬ್ಳೆ. ಮೊದಲ ಓವರ್ ತಾವೇ ಹಾಕಿ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಕಳಿಸಿದರು. ಬರೀ 16 ರನ್ ಕೊಟ್ಟು 4 ವಿಕೆಟ್ ಪಡೆದರು. ಡೆಕ್ಕನ್ ಚಾರ್ಜರ್ಸ್ 143. ನಾವು 137. ಆರು ರನ್ ಖರ್ಚು. ಸೋತ ತಂಡದ ಕುಂಬ್ಳೆಯವರಿಗೇ ಪಂದ್ಯಶ್ರೇಷ್ಠ ಪ್ರಶಸ್ತಿ ಕೊಟ್ಟರು. ಅದನ್ನು ಪಡೆಯುವಾಗ ಅವರ ಮುಖ ನೋಡಲಾಗಲಿಲ್ಲ.

ಎಂಟು ತಿಂಗಳೂ ಆಗಿರಲಿಲ್ಲ, 2010ರ ಜನವರಿ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಟ್ರೋಫಿ ಫೈನಲ್, ಮುಂಬೈ ಎದುರು. ಗೆಲ್ಲಲು ಕರ್ನಾಟಕಕ್ಕೆ 338 ಬೇಕು. ಮನೀಶ್ ಪಾಂಡೆ 144 ಹೊಡೆದರು. ಗೆದ್ದೇಬಿಟ್ಟೆವು ಎಂದುಕೊಂಡಿದ್ದೆ. 331ಕ್ಕೆ ಎಲ್ಲರೂ ಔಟ್. ಮತ್ತೆ ಆರು ರನ್ ಖರ್ಚು.

ಹನ್ನೆರಡು ಖರ್ಚಾಗಿತ್ತು, ಜೂನ್ 3ರಂದು ಆರು ಜಮಾ ಆಯಿತು. ಬಾಕಿ ಆರು. ಹೀಗೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ, ಮೊಮ್ಮಗ ಇಣುಕಿ ನೋಡಿ, “ಅಜ್ಜಾ, ರಣಜಿದ್ದು ಐಪಿಎಲ್‌ದಾಗ ಹೆಂಗ ಕೂಡಸ್ತಿ? ಎರಡೂ ಬ್ಯಾರೆ ಬ್ಯಾರೆ ಖಾತೆ ಅಲ್ಲೇನು?” ಎಂದ. ನಮ್ಮ ಆಡಿಟರುಗಳೂ ಇಷ್ಟು ಬೇಗ ತಪ್ಪು ಹಿಡಿದಿರಲಿಲ್ಲ. “ಮನಿ ಒಂದ ಅಲ್ಲೇನೋ” ಎಂದು ಬಾಯಿ ಮುಚ್ಚಿಸಿದೆ. ಆದರೆ ಅವನ ಪ್ರಶ್ನೆ ಸಣ್ಣದೇನಲ್ಲ. ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಖರೀದಿಯ ಪುಟ ನೋಡೋಣ.

ಆಟಗಾರರ ಹರಾಜು ಎಂದರೇನು ಎಂದು ನಿಮ್ಮಲ್ಲಿ ಸಣ್ಣವರು ಕೇಳಬಹುದು. ನಮ್ಮ ಕಡೆಯ ದನದ ಸಂತೆಗೆ ಹೋಗಿ ನೋಡಿ. ಮಾರುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದು ದರ ಹೇಳುತ್ತಾರೆ. ಪಕ್ಕದವನಿಗೂ ತಿಳಿಯುವುದಿಲ್ಲ. ಐಪಿಎಲ್ಲಿನಲ್ಲಿ ಟವೆಲ್ ಇಲ್ಲ, ಎಲ್ಲರೆದುರು ಕೈ ಎತ್ತುತ್ತಾರೆ. ಅಷ್ಟೇ ವ್ಯತ್ಯಾಸ. ಒಳ್ಳೆಯ ಒಕ್ಕಲಿಗ ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ, ತನ್ನ ಮನೆಯಲ್ಲಿರುವ ಇನ್ನೊಂದು ಎತ್ತಿಗೆ ಜೋಡಿಯಾಗುತ್ತದೆಯೇ ಎಂದು ಯೋಚಿಸುತ್ತಾನೆ. ಹೊಸಬ ಕೋಡಿಗೆ ಹಚ್ಚಿದ ಬಣ್ಣ ನೋಡಿ ದುಡ್ಡು ಎಣಿಸುತ್ತಾನೆ. ನಮ್ಮ ತಂಡದವರು ಬಹಳ ವರ್ಷ ಕೋಡಿನ ಬಣ್ಣ ನೋಡಿದರು ಎಂಬುದು ನನ್ನ ಅಭಿಪ್ರಾಯ.

2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟರು. ಯುವರಾಜ್ ಎಂಥ ಆಟಗಾರ ಎಂದು ನಾನು ಹೇಳಬೇಕಿಲ್ಲ. ಆದರೆ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಇದ್ದ ಮನೆಗೆ ಬೇಕಿದ್ದದ್ದು ಬೌಲರುಗಳು. ಆ ವರ್ಷ ತಂಡ ಪ್ಲೇಆಫ್ ತನಕವೂ ಹೋಗಲಿಲ್ಲ. 2021ರಲ್ಲಿ ನ್ಯೂಜಿಲೆಂಡಿನ ಕೈಲ್ ಜೇಮಿಸನ್‌ಗೆ 15 ಕೋಟಿ. ಒಂಬತ್ತು ಪಂದ್ಯ, ಒಂಬತ್ತು ವಿಕೆಟ್. ಅಂದರೆ ಒಂದು ವಿಕೆಟ್ಟಿಗೆ 1 ಕೋಟಿ 66 ಲಕ್ಷ. ಅದೇ ಜೇಮಿಸನ್ 2025ರ ಫೈನಲ್ಲಿನಲ್ಲಿ ಪಂಜಾಬಿನ ಪರವಾಗಿ ಆಡಿ ನಮ್ಮವೇ ಮೂರು ವಿಕೆಟ್ ಕಿತ್ತರು! 2024ಕ್ಕೆ ವೆಸ್ಟ್ ಇಂಡೀಸಿನ ಅಲ್ಜಾರಿ ಜೋಸೆಫ್‌ಗೆ 11 ಕೋಟಿ 50 ಲಕ್ಷ. ಮೂರು ಪಂದ್ಯ, ಒಂದೇ ವಿಕೆಟ್. ಇದಕ್ಕೆ ಭಾಗಾಕಾರ ಮಾಡುವ ಅಗತ್ಯವಿಲ್ಲ.

ಅಗ್ಗದ ವ್ಯಾಪಾರಗಳೂ ಇವೆ. 2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ರನ್ನು ಯಾರೂ ಕೊಳ್ಳಲಿಲ್ಲ. ನಮ್ಮ ಡರ್ಕ್ ನ್ಯಾನ್ಸ್ ಗಾಯಗೊಂಡಿದ್ದರಿಂದ ನಡುವೆ ಅವರನ್ನು ಕರೆಸಿದರು. ಬಂದವರೇ ಮೊದಲ ಪಂದ್ಯದಲ್ಲಿ, ತಮ್ಮನ್ನು ಕೈಬಿಟ್ಟಿದ್ದ ಕೋಲ್ಕತ್ತ ತಂಡದ ಎದುರೇ ನೂರು ಹೊಡೆದರು. 2008ರಲ್ಲಿ 19 ವರ್ಷದೊಳಗಿನ ಹುಡುಗರನ್ನು ಹಂಚಿಕೊಳ್ಳುವಾಗ ದೆಹಲಿಯವರು ತಮ್ಮೂರಿನ ಕೊಹ್ಲಿಯನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿದರು. ಬೆಂಗಳೂರಿಗೆ ಆ ಹುಡುಗ 30 ಸಾವಿರ ಡಾಲರಿಗೆ ಸಿಕ್ಕ.

ಈಗ ನನ್ನ ತಪ್ಪು ಒಪ್ಪಿಕೊಳ್ಳುವ ಸರದಿ. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ದೊಡ್ಡ ಹರಾಜು ನಡೆಯಿತು. ಪ್ರತಿ ತಂಡಕ್ಕೂ ಒಟ್ಟು 120 ಕೋಟಿ. ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡ ನಮ್ಮವರ ಕೈಯಲ್ಲಿ 83 ಕೋಟಿ ಇತ್ತು. ನಮ್ಮ ಕೆ.ಎಲ್. ರಾಹುಲ್ ಹರಾಜಿಗೆ ಬಂದರು. ತಂದೇ ತರುತ್ತಾರೆ ಎಂದು ಕಾದೆ. ದೆಹಲಿಯವರು 14 ಕೋಟಿಗೆ ಒಯ್ದರು. ಸಿರಾಜ್‌ರನ್ನು ಗುಜರಾತಿಗೆ ಬಿಟ್ಟುಕೊಟ್ಟರು. ಮರುದಿನ ಕೃಣಾಲ್ ಪಾಂಡ್ಯಗೆ 5 ಕೋಟಿ 75 ಲಕ್ಷ ಕೊಟ್ಟಾಗ ನನ್ನ ಪುಸ್ತಕದಲ್ಲಿ ‘ಕೆಟ್ಟ ವ್ಯಾಪಾರ’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಆ ಕೃಣಾಲ್ 17 ವಿಕೆಟ್ ಪಡೆದರು. ಒಂದಕ್ಕೆ ಸುಮಾರು 34 ಲಕ್ಷ. ಫೈನಲ್ಲಿನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್, ಪಂದ್ಯಶ್ರೇಷ್ಠ. 12 ಕೋಟಿ 50 ಲಕ್ಷದ ಹೇಜಲ್‌ವುಡ್ 22 ವಿಕೆಟ್. ಒಂದಕ್ಕೆ 57 ಲಕ್ಷ, ದುಬಾರಿ ಆದರೂ ಸಲ್ಲುವ ದರ. ಲಖನೌದಲ್ಲಿ 228 ಬೆನ್ನಟ್ಟುವಾಗ ಜಿತೇಶ್ ಶರ್ಮಾ 33 ಎಸೆತಕ್ಕೆ 85 ಹೊಡೆದರು. ಲೀಗಿನಲ್ಲಿ ಪರಸ್ಥಳದ ಏಳೂ ಪಂದ್ಯ ಗೆದ್ದರು. ಅದುವರೆಗೆ ಬೇರೆ ಯಾವ ತಂಡವೂ ಹಾಗೆ ಗೆದ್ದಿರಲಿಲ್ಲ. ಒಬ್ಬರ ಬದಲು ಒಬ್ಬರು ಎಳೆಯುವ ಎತ್ತುಗಳನ್ನು ಈ ಸಲ ಕೊಂಡಿದ್ದರು. ಕೆಂಪು ಶಾಯಿಯ ಮಾತಿಗೆ ನೀಲಿ ಗೆರೆ ಎಳೆದು ಸಹಿ ಮಾಡಿದೆ. ಬ್ಯಾಂಕಿನಲ್ಲಿ ಹೊಡೆದು ಹಾಕಿದಲ್ಲೆಲ್ಲ ಸಹಿ ಬೇಕು.

ಎಲ್ಲಕ್ಕಿಂತ ಲಾಭದ ವ್ಯಾಪಾರ ಯಾವುದು ಎಂದು ಮೊಮ್ಮಗಳು ಕೇಳಿದಳು. ಅವಳಿಗೆ ಉತ್ತರ ಗೊತ್ತಿತ್ತು, ನನಗೆ ಗೊತ್ತಿದೆಯೇ ಎಂದು ಪರೀಕ್ಷೆ! ಗಂಡಸರಿಗಿಂತ ಮೊದಲು, 2024ರ ಮಾರ್ಚ್ 17ರಂದು, ಬೆಂಗಳೂರಿಗೆ ಕಪ್ ತಂದವರು ಸ್ಮೃತಿ ಮಂಧಾನಾ ಅವರ ಹೆಣ್ಣುಮಕ್ಕಳ ತಂಡದವರು. ಆ ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತವಳು ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್. ಕೊಂಡದ್ದು 10 ಲಕ್ಷಕ್ಕೆ. ಆ ವರ್ಷ 13 ವಿಕೆಟ್, ಎಲ್ಲರಿಗಿಂತ ಹೆಚ್ಚು. ಒಂದು ವಿಕೆಟ್ಟಿಗೆ 77 ಸಾವಿರ ರೂಪಾಯಿ. ಜೇಮಿಸನ್‌ರ ಒಂದು ವಿಕೆಟ್ಟಿನ ದುಡ್ಡಿನಲ್ಲಿ ಇವಳ ಇನ್ನೂರಕ್ಕೂ ಹೆಚ್ಚು ವಿಕೆಟ್ ಬರುತ್ತವೆ. ಇದನ್ನು ಲೆಕ್ಕ ಮಾಡಿ ತೋರಿಸಿದಾಗ ಮೊಮ್ಮಗಳು ಅಣ್ಣನಿಗೆ ಮೂಗು ತಿರುವಿದಳು. ನಮ್ಮ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಎದುರು 15 ರನ್ನಿಗೆ 5 ವಿಕೆಟ್ ಪಡೆದ ಸಂಗತಿಯನ್ನೂ ಅವಳಿಗೆ ಹೇಳಿದ್ದೇನೆ. ಅಂಗಳದಲ್ಲಿ ಈಗ ಇವಳೂ ಚೆಂಡು ತಿರುಗಿಸುತ್ತಾಳೆ. ಕುಂಬಳಬಳ್ಳಿಗೆ ಉಳಿಗಾಲವಿಲ್ಲ.

ಎದುರಾಳಿಗಳ ವಿಷಯಕ್ಕೆ ಬಂದರೆ, ಇಂದಿನ ಹುಡುಗರಿಗೆ ಚೆನ್ನೈ ಎಂದರೆ ಸಾಕು, ಮೈಯೆಲ್ಲ ಉರಿ. 2011ರ ಫೈನಲ್ಲಿನಲ್ಲಿ 58 ರನ್ನಿನಿಂದ ಸೋಲಿಸಿದವರು ಅವರೇ. 2024ರ ಮೇ 18ರಂದು ತೀರಿಸಿಕೊಂಡೆವು. ಮೊದಲ ಎಂಟರಲ್ಲಿ ಏಳು ಸೋತಿದ್ದ ತಂಡ, ಸತತ ಆರನೆಯದನ್ನು ಗೆದ್ದು ಚೆನ್ನೈಯನ್ನು ಹೊರಗಟ್ಟಿತು. ಅಂದು ಕೊನೆಯ ಓವರಿನ ಮೊದಲ ಎಸೆತಕ್ಕೆ ಧೋನಿ ಸಿಕ್ಸರ್ ಎತ್ತಿದಾಗ ನಾನು ಟಿವಿ ಬಿಟ್ಟು ಹಿತ್ತಲಿಗೆ ಹೋಗಿದ್ದೆ. ಮರು ಎಸೆತಕ್ಕೇ ಅವರು ಔಟಾಗಿದ್ದನ್ನು ನಾನು ಕಂಡಿಲ್ಲ, ಕೇಳಿದ್ದೇನೆ.

ನನ್ನ ವಯಸ್ಸಿನವರ ಹಗೆ ಮಾತ್ರ ಮುಂಬೈ ಜೊತೆ. ಅದೂ ನಮ್ಮ ಮನೆಯಲ್ಲಿ ವಿಚಿತ್ರವಾಗಿತ್ತು. 1956ರ ನವೆಂಬರ್ 1ರವರೆಗೆ ನಮ್ಮ ಕೆರೂರು, ಬಾದಾಮಿ, ಬಾಗಲಕೋಟೆ ಎಲ್ಲ ಮುಂಬೈ ರಾಜ್ಯದಲ್ಲಿದ್ದವು. ನಮ್ಮಪ್ಪ ನೂಲಿನ ವ್ಯಾಪಾರಕ್ಕೆ ಸೊಲ್ಲಾಪುರ, ಮುಂಬೈ ಎಂದು ತಿರುಗಿದವರು. ಕ್ರಿಕೆಟ್ ಎಂದರೆ ಅವರಿಗೆ ವಿಜಯ್ ಮರ್ಚೆಂಟ್. ಬೆಂಗಳೂರು ಎಂದರೆ ದೂರದ ಮೈಸೂರು ಸೀಮೆ. ಆ ಮುಂಬೈ 1958-59ರಿಂದ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿತ್ತು.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂತು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ತಂಡ ಆ ಋತುವಿನಲ್ಲಿ ಕರ್ನಾಟಕವಾಗಿ ಮೈದಾನಕ್ಕಿಳಿಯಿತು. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್, ಎದುರಿಗೆ ಮುಂಬೈ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಕೂಡ ನೂರು. ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದರು. ವಾಡೇಕರ್ ಓಡುವಾಗ ಜಾರಿ ರನೌಟಾದರು. ಮೊದಲ ಇನಿಂಗ್ಸಿನ ಮುನ್ನಡೆಯಿಂದ ನಾವು ಗೆದ್ದೆವು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ತಂದರು.

ಸೆಮಿಫೈನಲ್ಲಿನ ಸುದ್ದಿ ಹೊತ್ತ ಪತ್ರಿಕೆ ಹುಬ್ಬಳ್ಳಿ ಬಸ್ಸಿನಲ್ಲಿ ಬಂತು. ನಾನು ಬಸ್‌ಸ್ಟ್ಯಾಂಡಿನಲ್ಲೇ ಓದಿ ಓಡಿ ಬಂದೆ. ಅಪ್ಪ ಪಡಸಾಲೆಯಲ್ಲಿ ಕೂತು ಎರಡು ಸಲ ಓದಿದರು. “ನಿಮ್ಮ ಬೆಂಗಳೂರಿನವರು ಮುಂಬೈನ ಕೆಡವಿದರಲ್ಲೋ” ಎಂದರು. “ನಮ್ಮ ಕರ್ನಾಟಕದವ್ರು, ಅಪ್ಪಾ” ಎಂದೆ. ಅವರು ಮಾತಾಡಲಿಲ್ಲ. ಅಂದು ರಾತ್ರಿ ಎರಡು ರೊಟ್ಟಿ ಕಡಿಮೆ ಉಂಡರೆಂದು ಅವ್ವ ಹೇಳಿದಳು. 1983ರಲ್ಲಿ ಮುಂಬೈಯ ವಾಂಖೆಡೆಯಲ್ಲೇ ಫೈನಲ್ಲಿನಲ್ಲಿ ಅವರನ್ನು ಮತ್ತೆ ಸೋಲಿಸಿದಾಗ, ಪತ್ರಿಕೆ ಕೆಳಗಿಟ್ಟು ಅಪ್ಪ, “ಗೆದ್ದೇವಿ” ಎಂದರು. ಅಷ್ಟೇ.

ಮೊಮ್ಮಗನ ಪ್ರಶ್ನೆಗೆ ಈಗ ಬರಬಹುದು. ರಣಜಿ ತಂಡ ನಮ್ಮದು, ಸರಿ. ಐಪಿಎಲ್ ತಂಡ ಹೇಗೆ ನಮ್ಮದು? ಜೂನ್ 3ರಂದು ಬೆಂಗಳೂರಿನ ಪರ ಆಡಿದವರಲ್ಲಿ ಕರ್ನಾಟಕದವರು ಮಯಂಕ್ ಅಗರವಾಲ್ ಒಬ್ಬರೇ. ಅವರೂ ದೇವದತ್ತ ಪಡಿಕ್ಕಲ್ ಗಾಯಗೊಂಡರೆಂದು ನಡುವೆ ಬಂದವರು. ಎದುರು ತಂಡದಲ್ಲಿ ನಮ್ಮ ವೈಶಾಖ್ ವಿಜಯಕುಮಾರ್. ಇಲ್ಲೊಬ್ಬ, ಅಲ್ಲೊಬ್ಬ. ಆ ವರ್ಷದ ಏಪ್ರಿಲ್ 10ರಂದು ಚಿನ್ನಸ್ವಾಮಿ ಮೈದಾನದಲ್ಲಿ ದೆಹಲಿಯ ಪರ ಆಡಿದ ರಾಹುಲ್ 93 ಹೊಡೆದು ನಮ್ಮನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಕುಟ್ಟಿ ತೋರಿಸಿದರು. ‘ಕಾಂತಾರ’ ಸಿನಿಮಾದಲ್ಲಿ ಇದು ನನ್ನ ನೆಲ ಎಂದು ತೋರಿಸುತ್ತಾರಲ್ಲ, ಹಾಗೆ. ಮೊಮ್ಮಗ ಬೈದ. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಆ ಗೆರೆಯೊಳಗೆ ನಿಲ್ಲುವ ಹಕ್ಕು ಅವನಿಗೆ ಇತ್ತಲ್ಲವೇ?

ಹಾಗೆಂದು ನಮ್ಮೂರವರನ್ನೇ ತುಂಬಿದರೆ ಗೆಲ್ಲುತ್ತೇವೆ ಎನ್ನುವುದನ್ನು ನನ್ನ ಪುಸ್ತಕ ಒಪ್ಪುವುದಿಲ್ಲ. 2008ರ ತಂಡದಲ್ಲಿ ನಾಯಕ ದ್ರಾವಿಡ್, ಜೊತೆಗೆ ಕುಂಬ್ಳೆ, ವಿನಯ್ ಕುಮಾರ್, ನಮ್ಮ ಗದಗಿನ ಸುನೀಲ್ ಜೋಶಿ. ಶಾಲೆಗೆ ಹೋಗುವ ಮೊದಲು ಗದಗಿನಿಂದ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಹೋಗುತ್ತಿದ್ದ ಜೋಶಿ! ಆ ತಂಡ ಮೊದಲ ಪಂದ್ಯದಲ್ಲೇ 82ಕ್ಕೆ ಉದುರಿತು. ಎರಡಂಕಿ ಮುಟ್ಟಿದವರು ಪ್ರವೀಣ್ ಕುಮಾರ್ ಒಬ್ಬರೇ. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಆದರೂ ನನ್ನದೊಂದು ಹಟವಿದೆ. ಹನ್ನೊಂದರಲ್ಲಿ ಮೂವರಾದರೂ ಕರ್ನಾಟಕದ ಮೈದಾನಗಳಲ್ಲಿ ಬೆಳೆದವರು ಇರಬೇಕು. ರಾಯಚೂರಿನ ಮನೋಜ್ ಭಾಂಡಗೆಯಂಥವರನ್ನು 30 ಲಕ್ಷ ಕೊಟ್ಟು ತಂದು ಬೆಂಚಿನ ಮೇಲೆ ಕೂರಿಸಿದರೆ, ನಮ್ಮ ಕಡೆಯ ಹುಡುಗರು ಯಾರನ್ನು ನೋಡಿ ಬ್ಯಾಟು ಹಿಡಿಯಬೇಕು?

ಗೆದ್ದ ರಾತ್ರಿಗೆ ಮರಳುತ್ತೇನೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ದೊಡ್ಡ ಮೊಮ್ಮಗ, ಮಗಳ ಮಗ, ಹನ್ನೆರಡು ಗಂಟೆಗೆ ಫೋನ್ ಮಾಡಿದ. ಅವನಿಗೆ ಈ ಹುಚ್ಚು ಹಿಡಿಸಿದವನು ನಾನೇ. ಆರು ವರ್ಷದವನಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಗೇಲ್ ಸಿಕ್ಸರುಗಳನ್ನು ಎಣಿಸಲು ಕಲಿಸಿದ್ದೆ. “ಅಜ್ಜಾ, ನಾಳೆ ಟೀಮ್ ಬರ್ತೈತಿ” ಎಂದ. “ಹೋಗಿ ಬಾರಪ್ಪ. ನನ್ನ ಪರವಾಗಿನೂ ನೋಡಿ ಬಾ” ಎಂದೆ.

ಮರುದಿನ ಓಣಿಗೆಲ್ಲ ಹಂಚಲೆಂದು ಅಮೀನಗಡದ ಕರದಂಟು ತರಿಸಿದೆ. ಸಂಜೆ ಡಬ್ಬಿ ಬಿಚ್ಚುವ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬರತೊಡಗಿತ್ತು. ಚಿನ್ನಸ್ವಾಮಿ ಮೈದಾನದ ಗೇಟುಗಳ ಬಳಿ ಕಾಲ್ತುಳಿತ. ಮೊದಲು ಒಬ್ಬರು ಎಂದರು, ಆಮೇಲೆ ಮೂವರು, ಏಳು. ದೊಡ್ಡ ಮೊಮ್ಮಗನಿಗೆ ಫೋನ್ ಹಚ್ಚಿದರೆ ಹತ್ತುತ್ತಿಲ್ಲ. ಮಗಳು ಅಲ್ಲಿಂದ ನನಗೆ ಮಾಡುತ್ತಾಳೆ, ನಾನು ಅವನಿಗೆ. ಹಿಂದಿನ ರಾತ್ರಿ ನಾನು ಹೇಳಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಾಕೆ ದೇವರ ಮುಂದೆ ಕೂತಳು. ನಾನು ಬಾಗಿಲಲ್ಲಿ ನಿಂತು ಫೋನನ್ನೇ ನೋಡುತ್ತಿದ್ದೆ. ಎರಡು ತಾಸು.

ಏಳೂವರೆಗೆ ಅವನೇ ಮಾಡಿದ. ಎಂ.ಜಿ. ರೋಡಿನ ತನಕ ಹೋಗಿ, ಜನ ನೋಡಿ ಹೆದರಿ ಹಿಂದಿರುಗಿದ್ದನಂತೆ. “ನೀ ಸಿಟ್ಟಾದೆ ಏನಜ್ಜಾ, ನಿನ್ನ ಪರವಾಗಿ ನೋಡಾಕ ಆಗಲಿಲ್ಲ” ಎಂದ. ನನಗೆ ಮಾತೇ ಹೊರಡಲಿಲ್ಲ. ಫೋನನ್ನು ಅವರಜ್ಜಿಗೆ ಕೊಟ್ಟೆ.

ಸತ್ತವರು ಹನ್ನೊಂದು ಜನ. ಹೆಚ್ಚಿನವರು ಎಳೆಯ ವಯಸ್ಸಿನವರು. ಶಾಲೆಗೆ ಹೋಗುವವರೂ ಇದ್ದರು. ಅವರ ಮನೆಗಳಲ್ಲೂ ‘ಹೋಗಿ ಬಾ’ ಎಂದವರು ಯಾರೋ ಇದ್ದೇ ಇರುತ್ತಾರೆ.

ಕರದಂಟಿನ ಡಬ್ಬಿ ಹಾಗೆಯೇ ಉಳಿಯಿತು. ರಾತ್ರಿ ಪುಸ್ತಕ ತೆಗೆದು ಕೂತಾಗ ಮೊಮ್ಮಗಳು ಪಕ್ಕ ಬಂದು ನಿಂತಳು. “ಅಜ್ಜಾ, ಈ ಹನ್ನೊಂದು ಯಾವ ಬಾಜೂಕ ಬರೀತಿ?” ಎಂದಳು. ಹೊಸ ಪುಟದಲ್ಲಿ ತಾರೀಕು ಮಾತ್ರ ಬರೆದು ಪುಸ್ತಕ ಮುಚ್ಚಿದೆ.

ನಾಗರ ಪಂಚಮಿಗೆ ದೊಡ್ಡ ಮೊಮ್ಮಗ ಊರಿಗೆ ಬಂದ. ಉಂಡಿ ತಿನ್ನುತ್ತ ಪುಸ್ತಕ ತಿರುವಿದ. ಬರೀ ತಾರೀಕಿದ್ದ ಪುಟದ ಹತ್ತಿರ ಕೈ ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪುಟ ಮಗುಚಿ, ಮುಂದಿನ ವರ್ಷಕ್ಕೆ ಯಾರನ್ನು ತರಬೇಕು ಬರೆ ಎಂದು ಪೆನ್ನು ನನ್ನ ಕೈಗೆ ಕೊಟ್ಟ. ನಾನು ಮೊದಲ ಹೆಸರು ಕೆ.ಎಲ್. ರಾಹುಲ್ ಎಂದು ಬರೆದೆ. ಅವನು ಆಗುವುದೇ ಇಲ್ಲ ಎಂದ. ಅವನಿಗೆ ಮೂವತ್ತಮೂರು ದಾಟಿತು, ಮುಂದೆ ಎಷ್ಟು ವರ್ಷ ಆಡಿಯಾನು ಎಂದ. ಮನೆಯ ಹುಡುಗ ಕಣೋ ಎಂದು ನಾನು. ಸಣ್ಣವನು ಅಣ್ಣನ ಕಡೆ, ಮೊಮ್ಮಗಳು ನನ್ನ ಕಡೆ. ಅಡುಗೆಮನೆಯಿಂದ ಊಟಕ್ಕೆ ಎರಡು ಸಲ ಕೂಗಿದರೂ ಯಾರೂ ಏಳಲಿಲ್ಲ.

“ಎತ್ತು ತರೂ ಮುಂದ ಹಲ್ಲು ನೋಡಬೇಕಂತ ನೀನ ಹೇಳಿದ್ದೆಲ್ಲ ಅಜ್ಜಾ” ಎಂದ ದೊಡ್ಡವನು.